ರೀಲಿಂಗ್ ಶೆಡ್ಡು ಅಂಗಡಿಯಾಗುವಾಗ

ಪ್ರಶ್ನೆ: ಚಿಕ್ಕಬಳ್ಳಾಪುರ–ಶಿಡ್ಲಘಟ್ಟ ರಸ್ತೆಯಲ್ಲಿ ನಮ್ಮ ತಂದೆಯವರ ಕಾಲದ ರೀಲಿಂಗ್ ಶೆಡ್ ಇದೆ. 50 ಅಡಿ ಉದ್ದ, 20 ಅಡಿ ಅಗಲ, ಸಿಮೆಂಟ್ ಶೀಟಿನ ಸೂರು. ಪಕ್ಕದ ಶೆಡ್ಡಿನಲ್ಲಿ ಇವತ್ತಿಗೂ ನೂಲು ತೆಗೆಯುತ್ತೇವೆ. ಹಳೆಯದನ್ನು ರೇಷ್ಮೆ ಸೀರೆ ಅಂಗಡಿ ಮಾಡಬೇಕು, ಜೊತೆಗೆ ರೇಷ್ಮೆಯ ಕಥೆ ಹೇಳುವ ಸಣ್ಣ ಪ್ರದರ್ಶನವೂ ಇರಬೇಕು ಅಂತ ಅಕ್ಕ ಮತ್ತು ನಾನು ಅಂದುಕೊಂಡಿದ್ದೇವೆ. ನಾಲ್ಕೂ ಗೋಡೆಗೆ ಪ್ರೊಜೆಕ್ಟರ್ ಹಾಕಿ ‘ಇಮ್ಮರ್ಸಿವ್’ (ನೋಡುವವರನ್ನು ಚಿತ್ರ ಸುತ್ತುವರಿಯುವ) ಕೋಣೆ ಮಾಡಿಕೊಡುತ್ತೇವೆ ಅಂತ ಬೆಂಗಳೂರಿನ ಒಂದು ಏಜೆನ್ಸಿ 18 ಲಕ್ಷ ಹೇಳಿದೆ. ನಮ್ಮ ಹತ್ತಿರ ಇರುವುದು ಒಟ್ಟು 25 ಲಕ್ಷ. ನಂದಿ ಬೆಟ್ಟಕ್ಕೆ, ಈಶಕ್ಕೆ ಬರುವವರು ಗಾಡಿ ನಿಲ್ಲಿಸಿ ಒಳಗೆ ಬರಬೇಕು. ಈ ಖರ್ಚು ಸರಿಯೇ?
— ಓದುಗರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಸರಿಯಲ್ಲ. ಪ್ರೊಜೆಕ್ಟರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಜಾಗಕ್ಕೂ ನಿಮ್ಮ ಸರಕಿಗೂ ಅದು ಹೊಂದುವುದಿಲ್ಲ. ಇರುವ ದುಡ್ಡಿನ ಮುಕ್ಕಾಲು ಪಾಲನ್ನು ಅದೊಂದಕ್ಕೇ ಸುರಿದರೆ ಸೀರೆ ತೋರಿಸುವ ದೀಪಕ್ಕೂ ಸದ್ದಡಗಿಸುವ ಚಾವಣಿಗೂ ಒಂದು ಒಳ್ಳೆಯ ಶೌಚಾಲಯಕ್ಕೂ ಏನು ಉಳಿಯುತ್ತದೆ?

ಮೊದಲು ಲೆಕ್ಕ ನೋಡಿ. 20 ಅಡಿ ಅಗಲ, 10 ಅಡಿ ಎತ್ತರದ ಗೋಡೆ ಅಂದರೆ ಸುಮಾರು 18.6 ಚದರ ಮೀಟರ್. ದೀಪ ಸೂಸುವ ಒಟ್ಟು ಬೆಳಕಿನ ಅಳತೆ ಲ್ಯೂಮೆನ್, ಒಂದು ಚದರ ಮೀಟರಿನ ಮೇಲೆ ಬೀಳುವ ಬೆಳಕಿನ ಅಳತೆ ಲಕ್ಸ್. 5,000 ಲ್ಯೂಮೆನ್ಸಿನ ಪ್ರೊಜೆಕ್ಟರ್ ಬೆಳಕನ್ನು ಅಷ್ಟಗಲ ಹರಡಿದರೆ ಗೋಡೆಗೆ ಬೀಳುವುದು ಹೆಚ್ಚೆಂದರೆ 270 ಲಕ್ಸ್. ಕೋಣೆ ಪೂರ್ತಿ ಕತ್ತಲಿದ್ದರೆ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಆದರೆ ಸೀರೆ ಬಿಚ್ಚಿ ತೋರಿಸುವ ಕಡೆ ಕಡಿಮೆಯೆಂದರೂ 300 ಲಕ್ಸ್ ಬೇಕು. ಅದರಲ್ಲಿ 200 ಲಕ್ಸ್ ಗೋಡೆಗೆ ಬಡಿಯಿತು ಅಂದುಕೊಳ್ಳಿ. ಆಗ ಚಿತ್ರದ ಕಪ್ಪು ಜಾಗವೂ 200 ಲಕ್ಸಿನಲ್ಲಿ ಬೆಳಗುತ್ತಿರುತ್ತದೆ, ಬಿಳಿ ಜಾಗ 470. ಎರಡಕ್ಕೂ ಎರಡೂವರೆ ಪಟ್ಟಿನಷ್ಟೂ ವ್ಯತ್ಯಾಸ ಉಳಿಯಲಿಲ್ಲ. ಚಿತ್ರ ತೊಳೆದು ಹಾಕಿದ ಬಟ್ಟೆಯ ಹಾಗೆ ಪೇಲವವಾಗಿರುತ್ತದೆ. ಅಂದರೆ ಪ್ರೊಜೆಕ್ಟರ್ ಕೋಣೆಯಲ್ಲಿ ಸೀರೆ ಮಾರಲಾಗುವುದಿಲ್ಲ, ಸೀರೆ ಮಾರುವ ಕೋಣೆಯಲ್ಲಿ ಪ್ರೊಜೆಕ್ಟರ್ ನಡೆಯುವುದಿಲ್ಲ. ಸಾವಿರ ಚದರಡಿಯಲ್ಲಿ ಎರಡಕ್ಕೂ ಪೂರ್ತಿ ಜಾಗ ಕೊಡುವುದು ಕಷ್ಟ.

ಇನ್ನೊಂದು ವಿಚಾರ. ಆವಲಗುರ್ಕಿಯ ಈಶದಲ್ಲಿ ಸಂಜೆ ಹೊತ್ತು 112 ಅಡಿಯ ಆದಿಯೋಗಿ ಮೂರ್ತಿಯ ಮೇಲೆಯೇ ಬೆಳಕಿನ ಪ್ರದರ್ಶನ ನಡೆಯುತ್ತದೆ. ಅದನ್ನು ನೋಡಿದವರಿಗೆ, ಅಥವಾ ನೋಡಲು ಹೊರಟವರಿಗೆ, 10 ಅಡಿ ಗೋಡೆಯ ಮೇಲೆ ಹಾರುವ ಚಿಟ್ಟೆ ತೋರಿಸಿ ನೀವು ಗೆಲ್ಲುವುದು ಸಾಧ್ಯವಿಲ್ಲ. ಪೈಪೋಟಿಗೇ ಇಳಿಯಬೇಡಿ. ಮೇಲಾಗಿ, ಪಕ್ಕದ ಶೆಡ್ಡಿನ ಹಬೆ, ರಸ್ತೆಯ ಧೂಳು, ಏರಿಳಿಯುವ ವೋಲ್ಟೇಜು, ಈ ಮೂರೂ ಪ್ರೊಜೆಕ್ಟರಿಗೆ ಶತ್ರುಗಳೇ. ಒಂದು ವಿಡಿಯೊ ಹಳತಾದ ಮೇಲೆ ಹೊಸದು ಮಾಡಿಸಲು ಮತ್ತೆ ಅದೇ ಏಜೆನ್ಸಿಯ ಬಾಗಿಲಿಗೆ ಹೋಗಬೇಕು.

ಜನ ಒಂದು ಜಾಗದಲ್ಲಿ ಮೈಮರೆಯುವುದು ಪರದೆಯಿಂದಲ್ಲ, ದಾಟುವ ಕ್ರಮದಿಂದ. ಹೊರಗಿನ ಬಿಸಿಲು, ಹಾರ್ನು, ಗಡಿಬಿಡಿ ಇವೆಲ್ಲ ಹಂತಹಂತವಾಗಿ ಕಳಚಬೇಕು. ಇದೇನೂ ಹೊಸ ವಿದ್ಯೆಯಲ್ಲ. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ 1787ರಲ್ಲಿ ಸುತ್ತು ಚಿತ್ರಕ್ಕೆ, ಅಂದರೆ ಪನೋರಮಾಕ್ಕೆ, ಪೇಟೆಂಟ್ ಪಡೆದ. 1793ರಲ್ಲಿ ಲಂಡನ್ನಿನಲ್ಲಿ ಅದಕ್ಕೆಂದೇ ದುಂಡಗಿನ ಕಟ್ಟಡ ಎದ್ದಿತು. ಅಲ್ಲಿಯೂ ಜನರನ್ನು ನೇರವಾಗಿ ಚಿತ್ರದ ಎದುರು ನಿಲ್ಲಿಸುತ್ತಿರಲಿಲ್ಲ. ಕತ್ತಲೆಯ ಓಣಿ, ಮೆಟ್ಟಿಲು ದಾಟಿಸಿ, ಹೊರಗಿನ ಬೆಳಕು ಕಣ್ಣಿಂದ ಇಳಿದ ಮೇಲೆ ತೋರಿಸುತ್ತಿದ್ದರು. ಅಷ್ಟು ದೂರ ಯಾಕೆ? ನಂದಿ ಗ್ರಾಮದ ಭೋಗ ನಂದೀಶ್ವರನ ಗುಡಿಗೆ ನೀವು ಎಷ್ಟೋ ಸಲ ಹೋಗಿರುತ್ತೀರಿ. ಬಯಲಂಥ ಅಂಗಳದಿಂದ ಮಂಟಪಕ್ಕೆ, ಮಂಟಪದಿಂದ ನವರಂಗಕ್ಕೆ, ಅಲ್ಲಿಂದ ಗರ್ಭಗುಡಿಯ ಬಾಗಿಲಿಗೆ ಹೋಗುವಾಗ ಬೆಳಕು ಕಮ್ಮಿಯಾಗುತ್ತಾ ಹೋಗುತ್ತದೆ, ಚಾವಣಿ ತಗ್ಗುತ್ತದೆ, ಕಾಲಡಿಯ ಕಲ್ಲು ತಣ್ಣಗಾಗುತ್ತದೆ. ‘ಸದ್ದು ಮಾಡಬೇಡಿ’ ಎಂಬ ಬೋರ್ಡು ಇಲ್ಲದಿದ್ದರೂ ದನಿ ತಾನಾಗಿ ಇಳಿಯುತ್ತದೆ. ಈ ಕ್ರಮವನ್ನು ನಿಮ್ಮ ಐವತ್ತು ಅಡಿಯಲ್ಲಿ ತರಬಹುದು.

ಹೇಗೆ ಹಂಚುವುದು? ರಸ್ತೆ ಕಡೆಯಿಂದ ಮೊದಲ 8 ಅಡಿ ಪಡಸಾಲೆ. ಆಮೇಲೆ 10 ಅಡಿ ಕತ್ತಲೆ ಕೋಣೆ. ಅದರಾಚೆ 8 ಅಡಿ ನೂಲಿನ ಜಾಗ. ಉಳಿದ 24 ಅಡಿ ಪೂರ್ತಿ ಅಂಗಡಿ. ಇದು ಪ್ರವಾಸಿಗರ ದಾರಿ. ಆದರೆ ಅಂಗಡಿಗೆ ಬೇರೆಯಾಗಿ ನೇರ ಬಾಗಿಲೊಂದು ಇರಲೇಬೇಕು, ಇದರಲ್ಲಿ ಮಾತ್ರ ರಾಜಿಯಾಗಬೇಡಿ. ಚಿಂತಾಮಣಿಯಿಂದ ಮದುವೆ ಜವಳಿ ತೆಗೆಯಲು ಬರುವ ಹತ್ತು ಜನರ ಕುಟುಂಬಕ್ಕೆ ರೇಷ್ಮೆಯ ಕಥೆ ಬೇಕಾಗಿಲ್ಲ. ಅವರ ಮನೆಯಲ್ಲೇ ಹುಳು ಮೇಯಿಸಿರುತ್ತಾರೆ. ಅಜ್ಜಿಯನ್ನು ಕತ್ತಲೆ ಕೋಣೆಯಲ್ಲಿ ಸುತ್ತಿಸಿ ಕರೆತಂದರೆ ಮುಂದಿನ ಮದುವೆಗೆ ಅವರು ಬೇರೆ ಅಂಗಡಿ ನೋಡಿಕೊಳ್ಳುತ್ತಾರೆ. ಊರಿನ ಗಿರಾಕಿ ವರ್ಷಪೂರ್ತಿ ಬರುವವರು, ಬೆಟ್ಟದವರು ಶನಿವಾರ ಭಾನುವಾರದವರು. ವಿನ್ಯಾಸ ಮಾಡುವವರು ಇದನ್ನು ಮರೆಯುವುದೇ ಹೆಚ್ಚು.

ಪಡಸಾಲೆಯ ಕೆಲಸ ಒಂದೇ, ಕಣ್ಣನ್ನು ಇಳಿಸುವುದು. ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಅಲ್ಲಿಂದ ಒಂದೇ ಹೆಜ್ಜೆಗೆ 10 ಲಕ್ಸಿನ ಕೋಣೆಗೆ ಕಾಲಿಟ್ಟರೆ ಏನೂ ಕಾಣದೆ ಜನ ಬಾಗಿಲಲ್ಲೇ ನಿಂತುಬಿಡುತ್ತಾರೆ, ಹಿಂದಿನವರು ಡಿಕ್ಕಿ ಹೊಡೆಯುತ್ತಾರೆ. ಪಡಸಾಲೆಯಲ್ಲಿ 150–200 ಲಕ್ಸ್ ಇಡಿ, ಮಣ್ಣು ಬಣ್ಣದ ಗೋಡೆ, ಕೂರಲು ಒಂದು ಕಲ್ಲಿನ ಜಗಲಿ, ಚಪ್ಪಲಿ ಬಿಡುವ ಗೂಡು, ಕುಡಿಯುವ ನೀರು. ಚಪ್ಪಲಿ ಬಿಡಿಸುವುದು ಬರೀ ಸಂಪ್ರದಾಯಕ್ಕಲ್ಲ: ಒಂದು ನಿಮಿಷ ತಡೆದಂತಾಗುತ್ತದೆ, ಅಷ್ಟರಲ್ಲಿ ಕಣ್ಣು ಹದಕ್ಕೆ ಬರುತ್ತದೆ. ಈ ಜಾಗದಲ್ಲಿ ಮಾರುವ ಸಾಮಾನು ಇಡಬೇಡಿ. ಯಾರೂ ನೋಡುವುದಿಲ್ಲ.

ಈಗ ಕತ್ತಲೆ ಕೋಣೆ. ಇಡೀ ಯೋಜನೆಯಲ್ಲಿ ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು ಇದು. ಯಾಕೆಂದರೆ ಇಲ್ಲಿ ತೋರಿಸುವುದಕ್ಕಿಂತ ಕೇಳಿಸುವುದಿದೆ. ಐದನೇ ಹಂತದ ಹುಳುಗಳಿಗೆ ಸೊಪ್ಪು ಹಾಕಿದ ಮೇಲೆ ಹುಳುಮನೆಯಲ್ಲಿ ಎದ್ದೇಳುವ ಸದ್ದು ನಿಮಗೆ ಗೊತ್ತೇ ಇದೆ. ಎಲೆಗಳ ಮೇಲೆ ಮಳೆ ಹಿಡಿದಂತೆ ಒಂದೇ ಸಮನೆ ಸರಸರ. ಬೆಂಗಳೂರಿನಿಂದ ಬಂದವರಲ್ಲಿ ನೂರಕ್ಕೆ ತೊಂಬತ್ತು ಜನ ಅದನ್ನು ಹುಟ್ಟಿದಾಗಿನಿಂದ ಕೇಳಿರುವುದಿಲ್ಲ. ನಿಮಗೆ ಅದು ದಿನನಿತ್ಯದ್ದಾದ್ದರಿಂದ ಅದರ ಬೆಲೆ ಹೊಳೆದಿಲ್ಲ, ಅಷ್ಟೆ.

ರೆಕಾರ್ಡ್ ಮಾಡುವುದನ್ನು ರಾತ್ರಿ ಇಟ್ಟುಕೊಳ್ಳಿ. ಫ್ಯಾನು, ಮೋಟರು ಎಲ್ಲ ನಿಲ್ಲಿಸಿ, ಸೊಪ್ಪು ಹಾಕಿದ ಕೂಡಲೇ ಮೈಕನ್ನು ತಟ್ಟೆಗೆ ಒಂದು ಗೇಣಿನಷ್ಟು ಹತ್ತಿರ ಹಿಡಿಯಿರಿ. ಬೇರೆಬೇರೆ ತಟ್ಟೆಗಳ ಸದ್ದನ್ನು ಬೇರೆಬೇರೆಯಾಗಿಯೇ ಹಿಡಿಯಬೇಕು. ಕೇಳಿಸುವಾಗ ಸ್ಪೀಕರನ್ನು ಸೂರಿಗೆ ನೇತುಹಾಕಬೇಡಿ. ಕೋಣೆಯ ಎರಡೂ ಬದಿಗೆ ಹುಳು ಸಾಕುವ ರ‍್ಯಾಕ್‌ಗಳನ್ನೇ ನಿಲ್ಲಿಸಿ, ಮಂಡಿ ಮಟ್ಟದಿಂದ ಎದೆ ಮಟ್ಟದವರೆಗೆ ತಟ್ಟೆಗಳ ನಡುವೆ ಸಣ್ಣ ಸಣ್ಣ ಸ್ಪೀಕರ್ ಅಡಗಿಸಿ. ಒಂದೊಂದಕ್ಕೂ ಒಂದೊಂದು ರೆಕಾರ್ಡಿಂಗ್. ಆಗ ಸದ್ದು ಸುತ್ತಲಿಂದ ಬರುತ್ತದೆ, ಬಗ್ಗಿದರೆ ಬದಲಾಗುತ್ತದೆ. ನಾಲ್ಕು ದೊಡ್ಡ ಸ್ಪೀಕರಿಗಿಂತ ಹನ್ನೆರಡು ಚಿಕ್ಕವು ಇಲ್ಲಿ ಒಳ್ಳೆಯ ಕೆಲಸ ಮಾಡುತ್ತವೆ.

ಇನ್ನು ಆ ಸದ್ದಿಗೊಂದು ಕಥೆಯ ನಡೆ ಬೇಕು. ಅದೂ ನಿಮ್ಮ ಹುಳುಮನೆಯಲ್ಲೇ ಇದೆ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಮೇಯುವುದನ್ನು ನಿಲ್ಲಿಸಿ, ತಲೆಯೆತ್ತಿ ಅಲ್ಲಾಡದೆ ಇರುತ್ತದೆ, ಪೊರೆ ಬಿಟ್ಟ ಮೇಲೆ ಮತ್ತೆ ಮೇಯುತ್ತದೆ. ಹಾಗಾಗಿ ಮೂರೂವರೆ ನಿಮಿಷದ ಸುತ್ತು ಹೀಗಿರಲಿ: ಮೊದಲು ಕೇಳಿಸಿಯೂ ಕೇಳಿಸದಷ್ಟು ಸಣ್ಣ ಸದ್ದು, ಮೌನ, ಸ್ವಲ್ಪ ಜೋರು, ಮೌನ, ಹೀಗೆ ನಾಲ್ಕು ಜ್ವರ ದಾಟಿ, ಕೊನೆಗೆ ಐದನೇ ಹಂತದ ಆರ್ಭಟ. ಹುಳು ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ತಿನ್ನುವುದು ಆ ಕೊನೆಯ ಏಳೆಂಟು ದಿನದಲ್ಲೇ. ಆದ್ದರಿಂದ ಸದ್ದಿನ ಏರಿಕೆ ನಾಟಕೀಯತೆಗೆ ಸೇರಿಸಿದ್ದಲ್ಲ, ನಿಜವೇ. ಆಮೇಲೆ ಹುಳು ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ತಯಾರಾಗುತ್ತದೆ, ಸದ್ದು ಪೂರ್ತಿ ನಿಲ್ಲುತ್ತದೆ, ಎದುರು ಗೋಡೆಯಲ್ಲಿ ಗೂಡು ಕಟ್ಟಿದ ಒಂದು ಹಳೆಯ ಬಿದಿರು ಚಂದ್ರಿಕೆಯ (ಹುಳು ಗೂಡು ಕಟ್ಟಲು ಬಿಡುವ ಚಾಪೆಯಂಥ ಚೌಕಟ್ಟು) ಮೇಲೆ ಬೆಳಕು ನಿಧಾನವಾಗಿ ಏರುತ್ತದೆ. ಒಂದೇ ಸಾಕು. ಆರಡಿ–ನಾಲ್ಕಡಿಯ ಚಂದ್ರಿಕೆ ತಾನೇ ಒಂದು ಗೋಡೆಯಷ್ಟು ನಿಲ್ಲುತ್ತದೆ. ಹತ್ತು ತೂಗುಹಾಕಿದರೆ ಹೋಟೆಲಿನ ಅಲಂಕಾರವಾಗಿಬಿಡುತ್ತದೆ. ಈ ಕೋಣೆಯಲ್ಲಿ ನಿರೂಪಕರ ದನಿ ಬೇಡ, ಕೊಳಲು ವೀಣೆಯೂ ಬೇಡ. ಏಜೆನ್ಸಿಯವರು ಖಂಡಿತ ಸೇರಿಸೋಣ ಅನ್ನುತ್ತಾರೆ.

ಜೀವಂತ ಹುಳು ಇಡಬಹುದೇ ಅಂತ ನೀವು ಮುಂದೆ ಕೇಳುತ್ತೀರಿ. ಗಾಜಿನೊಳಗೆ ಒಂದು ತಟ್ಟೆ ಇಡಬಹುದು, ಆದರೆ ಅದನ್ನು ನಿಮ್ಮ ಬೆಳೆಯ ಹುಳುಮನೆಯಿಂದ ಪೂರ್ತಿ ಬೇರೆಯಾಗಿಡಿ. ಬರುವವರ ಬಟ್ಟೆ ಕೈಗಳಲ್ಲಿ ಏನೇನು ಅಂಟಿರುತ್ತದೋ ಯಾರಿಗೆ ಗೊತ್ತು. ಹೊಗೆಸೊಪ್ಪು, ಸೊಳ್ಳೆ ಬತ್ತಿ ಎರಡೂ ಹುಳುವಿಗೆ ವಿಷ. ಚಂದ್ರಿಕೆಗೆ ಕಟ್ಟುವ ಗೂಡುಗಳಲ್ಲಿ ಕೋಶ, ಅಂದರೆ ಚಿಟ್ಟೆಯಾಗಲು ಒಳಗೆ ಮಲಗಿದ ಹುಳು, ಇರಬಾರದು. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಚಿಟ್ಟೆ ಹೊರಬಂದ ತೂತು ಗೂಡು ಸಿಗುತ್ತದೆ, ಅದನ್ನೇ ತೂತು ಒಳಮುಖವಾಗಿಸಿ ಕೂರಿಸಿ. ಒಳಗೆ ಒಣಗಿದ ಕೋಶವಿದ್ದರೆ ದುಂಬಿ ಬೀಳುತ್ತದೆ, ಮತ್ತು ಗೂಡು ಕೊರೆಯುವ ಆ ದುಂಬಿಗೆ ನಿಮ್ಮ ಸೀರೆಯೂ ಊಟವೇ.

ನೂಲಿನ ಜಾಗಕ್ಕೆ ಬರೋಣ. ಪಕ್ಕದ ಶೆಡ್ಡಿಗೂ ಇದಕ್ಕೂ ನಡುವಿನ ಗೋಡೆಯಲ್ಲಿ ಆರಡಿ ಅಗಲದ ಕಿಟಕಿ ಒಡೆಸಿ ಎರಡು ಪದರದ ಗಾಜು ಕೂರಿಸಿ. ಹಬೆಯ ಕಡೆ ಗಾಜು ಮಂಜಾಗುತ್ತದೆ, ಒರೆಸಲು ಕೈಗೆಟುಕುವ ಹಾಗಿರಲಿ. ನಿಮ್ಮ 18 ಲಕ್ಷದ ಪರದೆ ಕೊಡಲಾಗದ್ದನ್ನು ಈ ಕಿಟಕಿ ಕೊಡುತ್ತದೆ. ಆದರೆ ಒಳಗೆ ಬಿಸಿನೀರಲ್ಲಿ ಕೈಯಿಟ್ಟು ದುಡಿಯುವವರು ಪ್ರದರ್ಶನದ ವಸ್ತುಗಳಲ್ಲ. ಮೊದಲು ಅವರನ್ನು ಕೇಳಿ. ಕಿಟಕಿಯ ಪರದೆ ಎಳೆಯುವ ಹಗ್ಗ ಅವರ ಕಡೆಯೇ ಇರಲಿ. ಅವರ ಫೋಟೊ ತೆಗೆಯುವಂತಿಲ್ಲ ಅಂತ ಸಣ್ಣದಾಗಿ ಬರೆಸಿ. ಕೋಶದ ಕಥೆಯನ್ನೂ ಮುಚ್ಚಿಡಬೇಡಿ. ಗೂಡಿನೊಳಗಿನ ಜೀವ ಏನಾಗುತ್ತದೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ, ಹೇಳುವವರಿಗೆ ನೇರವಾದ ಉತ್ತರ ಗೊತ್ತಿರಲಿ.

ಕಿಟಕಿಯ ಎದುರು ಗೋಡೆಯಲ್ಲಿ ಒಂದೇ ಒಂದು ವಸ್ತು: ಎಳೆ. 20/22 ಡೆನಿಯರಿನ (ನೂಲಿನ ದಪ್ಪದ ಅಳತೆ) ಕಚ್ಚಾ ರೇಷ್ಮೆಗೆ ಎಂಟು ಹತ್ತು ಗೂಡುಗಳ ಎಳೆ ಒಟ್ಟಾಗಬೇಕು. ಅದನ್ನೇ ಮಾಡಿ ತೋರಿಸಿ. ಕೆಳಗೆ ಎಂಟು ಗೂಡು, ಒಂದೊಂದರಿಂದ ಮೇಲೆ ಹೊರಟ ಎಳೆ, ಮೂರಡಿ ಎತ್ತರದಲ್ಲಿ ಎಲ್ಲ ಕೂಡಿ ಒಂದಾಗುವ ಜಾಗ. ಒಂಟಿ ಎಳೆ ತಲೆಗೂದಲಿಗಿಂತ ಎಷ್ಟೋ ತೆಳು, ಸಾಧಾರಣ ಬೆಳಕಿನಲ್ಲಿ ಕಾಣುವುದೇ ಇಲ್ಲ. ಹಿಂದೆ ಹೊಳಪಿಲ್ಲದ ಕಪ್ಪು ಬಟ್ಟೆ ಹಾಕಿ, ಹತ್ತು ಹನ್ನೆರಡು ಡಿಗ್ರಿ ಕೋನದ ಒಂದು ಕಿರಿದಾದ ದೀಪವನ್ನು ಬದಿಯಿಂದ ಬಿಡಿ. ಎದುರಿನಿಂದ ಬಿಟ್ಟರೆ ಕಪ್ಪು ಬಟ್ಟೆಯೂ ಬೆಳಗಿ ಎಳೆ ಮಾಯ. ಬದಿಯಿಂದ ಬಿಟ್ಟಾಗ ಎಳೆಯಷ್ಟೇ ಬೆಳ್ಳಿಗೆರೆಯಂತೆ ಎದ್ದು ನಿಲ್ಲುತ್ತದೆ, ಯಾರಾದರೂ ಉಸಿರು ಬಿಟ್ಟರೆ ಅಲುಗುತ್ತದೆ. ಒಳ್ಳೆಯ ದ್ವಿತಳಿ (ಬೈವೋಲ್ಟೀನ್) ಗೂಡಿನಲ್ಲಿ ಇಂಥ ಎಳೆ ಸಾವಿರ ಮೀಟರ್ ಬರುತ್ತದೆ ಎಂಬ ಒಂದು ಸಾಲು ಪಕ್ಕದಲ್ಲಿರಲಿ. ಅದಕ್ಕಿಂತ ಹೆಚ್ಚು ಓದಿಸಬೇಡಿ. ಇನ್ನೊಂದು ಸಾಲು ಬೇಕೆಂದರೆ ಹೀಗೆ ಬರೆಸಿ: ನಮ್ಮೂರಲ್ಲಿ ನೂಲು ತೆಗೆಯುತ್ತೇವೆ, ಸೀರೆ ನೇಯುವುದು ಬೇರೆ ಊರುಗಳಲ್ಲಿ. ಅಂಗಡಿಯ ಪ್ರತಿ ಸೀರೆಗೂ ಅದು ನೇಯ್ದ ಊರಿನ ಹೆಸರಿನ ಚೀಟಿ ಹಾಕಿ. ಮಗ್ಗವೊಂದನ್ನು ತಂದು ಮೂಲೆಯಲ್ಲಿಟ್ಟು ಇಲ್ಲೇ ನೇಯುವಂತೆ ತೋರಿಸುವ ಅಂಗಡಿಗಳಿವೆ. ಆ ದಾರಿ ಬೇಡ.

ಅಂಗಡಿಯ ಬೆಳಕಿಗೆ ದುಡ್ಡು ಹಿಡಿಯಬೇಡಿ. ರೇಷ್ಮೆ ಎಳೆಯ ಅಡ್ಡ ಸೀಳು ಹೆಚ್ಚುಕಮ್ಮಿ ತ್ರಿಕೋನ. ಆ ಸಪಾಟು ಮುಖಗಳು ಬೆಳಕನ್ನು ಚಿಕ್ಕ ಕನ್ನಡಿಗಳಂತೆ ಹಿಂದಿರುಗಿಸುವುದರಿಂದಲೇ ಹೊಳಪು. ಟ್ಯೂಬ್‌ಲೈಟಿನಂಥ ಹರಡಿದ ಬೆಳಕಿನಲ್ಲಿ ಆ ಹೊಳಪು ಸತ್ತು, ಒಳ್ಳೆಯ ಸೀರೆಯೂ ಪಾಲಿಯೆಸ್ಟರಿನ ಪಕ್ಕ ನಿಲ್ಲುತ್ತದೆ. ಒಂದು ಬಿಂದುವಿನಿಂದ ಬರುವ ಬೆಳಕು ಬೇಕು. ಟ್ರ್ಯಾಕಿಗೆ ಹಾಕಿದ ಸ್ಪಾಟ್‌ಲೈಟು, 24 ರಿಂದ 36 ಡಿಗ್ರಿ ಕೋನ, ಕಪಾಟಿಗೆ ಸುಮಾರು 30 ಡಿಗ್ರಿ ಓರೆಯಾಗಿ. ಹಿನ್ನೆಲೆಗೆ ಮಾತ್ರ ಮೆದುವಾದ ಹರಡು ಬೆಳಕು. ದೀಪ ಕೊಳ್ಳುವಾಗ ವ್ಯಾಟ್ ನೋಡಬೇಡಿ, ಸಿಆರ್‌ಐ 90ರ ಮೇಲಿರಲಿ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕಿ ಅದು), ಅದರಲ್ಲೂ ಆರ್9 ಎಂಬ ಅಂಕಿ 50ರ ಮೇಲಿದೆಯಾ ಅಂತ ಕೇಳಿ. ಕೆಂಪನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು. ಮದುವೆ ಸೀರೆಯಲ್ಲಿ ಕೆಂಪು, ಕುಂಕುಮ, ಮರೂನ್ ಬಿಟ್ಟರೆ ಇನ್ನೇನಿದೆ? ಆರ್9 ಕಡಿಮೆಯಿರುವ ದೀಪದಡಿ ಇವೆಲ್ಲ ಕಂದಾಗುತ್ತವೆ. ಬೆಳಕಿನ ಬಣ್ಣ 3000 ಕೆಲ್ವಿನ್, ಅಂದರೆ ತುಸು ಹಳದಿ, ಇರಲಿ, ಜರಿ ಚೆನ್ನಾಗಿ ಕಾಣುತ್ತದೆ. ದೀಪಕ್ಕೆ ಕರೆಂಟು ಹದಮಾಡಿ ಕೊಡುವ ಡ್ರೈವರ್ ಅಗ್ಗದ್ದಾದರೆ ಫೋನಿನ ವಿಡಿಯೊದಲ್ಲಿ ಪಟ್ಟೆ ಪಟ್ಟೆ ಓಡುತ್ತದೆ. ಪ್ರವಾಸಿಗರು ವಿಡಿಯೊ ಮಾಡಿ ಹಾಕಲಿ ಅಂತ ನೀವೇ ಬಯಸುವುದರಿಂದ ಕೊಳ್ಳುವ ಮುಂಚೆ ಫೋನು ಹಿಡಿದು ಪರೀಕ್ಷಿಸಿ.

ಅಜ್ಜಿಯ ಕಾಲದ ಸೀರೆಯೇನಾದರೂ ಇದ್ದು ಅದನ್ನು ಪ್ರದರ್ಶನಕ್ಕಿಡುವುದಾದರೆ ನಿಯಮ ಬೇರೆ. ಬೆಳಕಿಗೆ ಬೇಗ ಕೆಡುವ ವಸ್ತುಗಳಲ್ಲಿ ರೇಷ್ಮೆ ಮುಂಚೂಣಿಯಲ್ಲಿದೆ. ವಸ್ತ್ರಗಳಿಗೆ ವಸ್ತುಸಂಗ್ರಹಾಲಯಗಳು 50 ಲಕ್ಸ್ ದಾಟುವುದಿಲ್ಲ. ಅದಕ್ಕೆ ನೂಲಿನ ಜಾಗದ ಕಡೆ, ಅರೆಗತ್ತಲಲ್ಲಿ ಜಾಗ ಕೊಡಿ, ಪಿನ್ನು ಚುಚ್ಚದೆ ಮಲಗಿಸಿಡಿ, ಮೂರು ತಿಂಗಳಿಗೊಮ್ಮೆ ಒಳಗೆತ್ತಿಡಿ. ಕೆಳಗೆ ರಬ್ಬರ್ ಮ್ಯಾಟ್ ಹಾಸಬೇಡಿ, ಅದರಿಂದ ಬರುವ ಗಂಧಕದ ಅಂಶಕ್ಕೆ ಬೆಳ್ಳಿ ಜರಿ ಕಪ್ಪಾಗುತ್ತದೆ.

ಸೂರಿನ ವಿಷಯ. ಖಾಲಿ ಶೆಡ್ಡಿನಲ್ಲಿ ಚಪ್ಪಾಳೆ ತಟ್ಟಿ ನೋಡಿ. ಹಾರ್ವರ್ಡಿನಲ್ಲಿ ವ್ಯಾಲೇಸ್ ಸಬೈನ್ ಎಂಬ ಭೌತವಿಜ್ಞಾನಿ 1890ರ ದಶಕದಲ್ಲಿ ಕುರ್ಚಿ ದಿಂಬುಗಳನ್ನು ಹೊತ್ತು ತಂದಿಟ್ಟು ಅಳೆದು ಕಂಡುಕೊಂಡ ಸೂತ್ರ ಇವತ್ತಿಗೂ ಸಾಕು: ಕೋಣೆಯ ಘನಮೀಟರನ್ನು 0.161ರಿಂದ ಗುಣಿಸಿ, ಒಟ್ಟು ಸದ್ದು ಹೀರುವ ಶಕ್ತಿಯಿಂದ ಭಾಗಿಸಿ, ಸದ್ದು ಅಡಗಲು ಎಷ್ಟು ಸೆಕೆಂಡು ಬೇಕು ಅಂತ ಸಿಗುತ್ತದೆ. ಸೂರು ಸರಾಸರಿ 14 ಅಡಿ ಅಂದುಕೊಂಡರೆ ನಿಮ್ಮದು ಸುಮಾರು 400 ಘನಮೀಟರ್. ಬರೀ ಸಿಮೆಂಟು ಗಾರೆಯಲ್ಲಿ ಸದ್ದು ಅಡಗಲು ನಾಲ್ಕು ಸೆಕೆಂಡು ದಾಟುತ್ತದೆ. ಹತ್ತು ಜನ ಮಾತಾಡಿದರೆ ಸಂತೆ. ಅದನ್ನು ಒಂದು ಸೆಕೆಂಡಿಗೆ ಇಳಿಸಲು ಸೂರಿನ ಮೂರನೇ ಎರಡು ಭಾಗದಷ್ಟು ಸದ್ದು ಹೀರುವ 50 ಮಿಲಿಮೀಟರಿನ ರಾಕ್‌ವುಲ್ ಹಲಗೆಗಳನ್ನು, ಹತ್ತಿ ಬಟ್ಟೆ ಹೊದಿಸಿ, ತೂಗುಹಾಕಬೇಕು. ಜಡಿಮಳೆಯ ಸದ್ದೂ ಇದರಿಂದ ಅಷ್ಟಿಷ್ಟು ತಗ್ಗುತ್ತದೆ. ಒಂದು ಎಚ್ಚರಿಕೆ: ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಹೆಚ್ಚು. ಅದಕ್ಕೆ ಡ್ರಿಲ್ ಹಾಕಿಸಬೇಡಿ, ಆ ಪುಡಿ ಶ್ವಾಸಕೋಶಕ್ಕೆ ಅಪಾಯ. ಎಲ್ಲವನ್ನೂ ಸೂರು ಹೊತ್ತ ಕಬ್ಬಿಣದ ಟ್ರಸ್ಸಿನಿಂದಲೇ ತೂಗಿಸಿ.

ವಾಸನೆ ನಿಮಗೆ ಅಭ್ಯಾಸವಾಗಿದೆ, ಬರುವವರಿಗಲ್ಲ. ಗೂಡು ಬೇಯುವ ವಾಸನೆಯನ್ನು ಅಗರಬತ್ತಿ ಹಚ್ಚಿ ಮುಚ್ಚಲು ಹೋದರೆ ಎರಡೂ ಸೇರಿ ಸೀರೆಗೆ ಅಂಟುತ್ತವೆ. ರೀಲಿಂಗ್ ಕಡೆ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಗಾಳಿ ಯಾವಾಗಲೂ ಅಂಗಡಿಯಿಂದ ಆ ಕಡೆಗೇ ಎಳೆಯಬೇಕು.

ಕತ್ತಲೆ ಕೋಣೆಗೆ ಎರಡು ದಾರಿ ಇರಲೇಬೇಕು, ಕರೆಂಟು ಹೋದರೆ ತಾನಾಗಿ ಹೊತ್ತುವ ದೀಪ ಬೇಕು, ಒಳಗೆ ಒಂದೂ ಮೆಟ್ಟಿಲು ಇರಕೂಡದು. ಪಡಸಾಲೆಗೆ ಹತ್ತುವ ಇಳಿಜಾರು ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಇದ್ದರೆ ಗಾಲಿಕುರ್ಚಿ ಆರಾಮವಾಗಿ ಬರುತ್ತದೆ. ಬಸ್ಸು ಬಂದರೆ ಹದಿನೈದು ಜನರ ಗುಂಪು ಮಾಡಿ ಬಿಡಿ.

ಕೊನೆಯದಾಗಿ ಒಂದು ಕಿಟಕಿ. ಎಂಥ ದೀಪ ಹಾಕಿದರೂ ನಮ್ಮ ಹೆಂಗಸರು ಸೀರೆಯನ್ನು ಬಾಗಿಲ ಹತ್ತಿರ ಒಯ್ದು ಹಗಲು ಬೆಳಕಿಗೆ ಹಿಡಿದೇ ನೋಡುತ್ತಾರೆ. ಅದು ಅಪನಂಬಿಕೆಯಲ್ಲ, ಸರಿಯಾದ ಅಭ್ಯಾಸ. ಒಂದು ದೀಪದಡಿ ಒಂದೇ ಬಣ್ಣವಾಗಿ ಕಂಡ ಸೀರೆ–ರವಿಕೆ ಬಿಸಿಲಲ್ಲಿ ಬೇರೆಬೇರೆಯಾಗಿ ಕಾಣುವುದುಂಟು. ಅಂಗಡಿಯ ಉತ್ತರದ ಗೋಡೆಯಲ್ಲಿ ಐದಡಿ ಕಿಟಕಿ ತೆಗೆಸಿ, ಕೆಳಗೆ ಅಗಲವಾದ ಜಗಲಿ, ಪಕ್ಕದಲ್ಲಿ ಆಳೆತ್ತರದ ಕನ್ನಡಿ ಇಡಿ. ಉತ್ತರದ ಬೆಳಕು ಬೇರೆ ದಿಕ್ಕಿನದಕ್ಕಿಂತ ಕಡಿಮೆ ನೇರ ಬಿಸಿಲಿನೊಂದಿಗೆ ಸಮನಾಗಿ ಬೀಳುತ್ತದೆ. ಅಕ್ಕನನ್ನು ಗಲ್ಲಾದಲ್ಲಿ ಕೂರಿಸದೆ ಆ ಜಗಲಿಯ ಹತ್ತಿರ ಇರಿಸಿ, ವ್ಯಾಪಾರ ಕುದುರುವುದು ಅಲ್ಲಿ. ಏಜೆನ್ಸಿಯವರನ್ನು ಪೂರ್ತಿ ಬಿಡಬೇಕಾಗಿಲ್ಲ. ಕತ್ತಲೆ ಕೋಣೆಯ ಸದ್ದು, ದೀಪದ ಟೈಮಿಂಗ್ ಇಷ್ಟಕ್ಕೆ ಮಾತ್ರ ಹೊಸ ಅಂದಾಜು ಕೇಳಿ. ಸ್ಪೀಕರ್ ಕೆಟ್ಟರೆ ಚಿಕ್ಕಬಳ್ಳಾಪುರದಲ್ಲೇ ಬದಲಿ ಸಿಗುವ ಮಾಡೆಲ್ಲೇ ಇರಬೇಕು, ರೆಕಾರ್ಡಿಂಗ್ ಫೈಲುಗಳು ನಿಮ್ಮ ಕೈಗೇ ಬರಬೇಕು ಅಂತ ಕರಾರಿನಲ್ಲಿ ಬರೆಸಿಕೊಳ್ಳಿ.